ವಾಷರ್ ಮೇಸ್ತ್ರಿ

ಹೋದ ತಿಂಗಳು ಜಾವಗಲ್ಲಿನಿಂದ ಅರಸೀಕೆರೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಊರು ದಾಟುತ್ತಿದ್ದಂತೆ ರಸ್ತೆ ಪಕ್ಕದಲ್ಲಿ ಒಂದು ಹಳೇ ವ್ಯಾನು ಕೆಟ್ಟು ನಿಂತಿತ್ತು. ಯಾರನ್ನೋ ಹತ್ತಿಸಿಕೊಳ್ಳಲು ನಮ್ಮ ಬಸ್ಸೂ ಅಲ್ಲೇ ನಿಂತಿತು. ವ್ಯಾನಿನವನು ಗೋಣಿಚೀಲದ ತುಂಡೊಂದನ್ನು ನೀರಿನಲ್ಲಿ ಅದ್ದಿ ಕಾದ ಎಂಜಿನ್ನಿನ ಮೇಲೆ ಹಾಕಿದ. ಬುಸ್ಸೆಂದು ಹಬೆ ಎದ್ದಿತು. ಒದ್ದೆ ಗೋಣಿ, ಸುಟ್ಟ ಕಬ್ಬಿಣ, ಅದರೊಳಗೆ ಒಂದೆಳೆ ಪೆಟ್ರೋಲು... ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡರು. ನಾನು ಮಾತ್ರ ಕಿಟಕಿಯ ಸರಳಿಗೆ ಮುಖ ಒತ್ತಿ, ಬಸ್ಸು ಹೊರಡುವವರೆಗೂ ಆ ವಾಸನೆಯನ್ನು ಎಳೆದುಕೊಳ್ಳುತ್ತಲೇ ಇದ್ದೆ. ಎಪ್ಪತ್ತು ದಾಟಿದ ಗಂಡಸು ಹೀಗೆ ಕೆಟ್ಟ ಗಾಡಿಯ ಹಬೆ ಕುಡಿಯುವುದನ್ನು ನೋಡಿದವರು ಏನೆಂದುಕೊಂಡರೋ ಗೊತ್ತಿಲ್ಲ. ನನಗೆ ಕಣ್ಣು ತುಂಬಿ ಬಂದಿತ್ತು.

ಅದು ನಮ್ಮ ಮೇಸ್ತ್ರಿಯ ವಾಸನೆ.

ಎಪ್ಪತ್ತರ ದಶಕದ ಮಾತು. ನಮ್ಮಪ್ಪ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ಇಟ್ಟಿದ್ದರು. ರೈಲಿಳಿದು ಹಳೇಬೀಡು, ಬೇಲೂರು ನೋಡಲು ಬರುವವರನ್ನು ಕರೆದುಕೊಂಡು ಹೋಗಿ, ದೇವಸ್ಥಾನ ತೋರಿಸಿ, ಸಂಜೆಯ ರೈಲಿಗೆ ತಂದುಬಿಡುವುದು ಅವರ ಕಸುಬು. ಗಾಡಿ ನಮ್ಮ ಕೈಗೆ ಬರುವ ಹೊತ್ತಿಗೇ ಅರ್ಧ ಆಯಸ್ಸು ಮುಗಿಸಿತ್ತು. ಉಬ್ಬಿದ ಮೂತಿ, ಅಗಲ ಬೆನ್ನು, ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮುಳ್ಳು ಯಾವಾಗಲೂ ಸೊನ್ನೆಯಲ್ಲೇ. ಅದನ್ನು ಓಡಿಸುತ್ತಿದ್ದುದು ಅಪ್ಪನಾದರೂ ಬದುಕಿಸಿ ಇಟ್ಟಿದ್ದುದು ಮೇಸ್ತ್ರಿ.

ತೆಂಗಿನಕಾಯಿ ಮಂಡಿ ದಾಟಿದರೆ ಅವರ ತಗಡಿನ ಶೆಡ್ಡು. ಸಣಕಲು ಮನುಷ್ಯ, ಮಂಡಿಯವರೆಗೆ ಖಾಕಿ ಚಡ್ಡಿ, ದೊಡ್ಡ ಕಿವಿಗಳು. ಆ ಕಿವಿಗಳೇ ಅವರ ಆಸ್ತಿ. ಒಂದು ಮೊಳ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಅಪ್ಪ ಕಾಯ್ದು ಕಾಯ್ದು ಕೇಳುತ್ತಿದ್ದರು: "ಏನಂತೈತೆ ಮೇಸ್ತ್ರಿ?"

"ಎಣ್ಣೆ ಕುಡ್ದು ಬಾಳ ದಿನ ಆಯ್ತಂತೆ. ನನ್ ಯಜಮಾನ ಒಂದಿನ ಕಾಫಿ ಬಿಡ್ತಾನಾ ಅಂತ ಕೇಳ್ತೈತೆ."

ಇಬ್ಬರೂ ನಗುತ್ತಿದ್ದರು. ಗಾಡಿ ಸುಳ್ಳು ಹೇಳೋದಿಲ್ಲ, ಡ್ರೈವರ್ ಹೇಳ್ತಾನೆ ಎನ್ನುವುದು ಮೇಸ್ತ್ರಿಯ ಇನ್ನೊಂದು ಮಾತು. ನಾನು ಡ್ರೈವಿಂಗ್ ಕಲಿತ ಹೊಸತರಲ್ಲಿ ಗೇರು ಕಿರುಗುಟ್ಟಿಸಿಕೊಂಡು ಹೋದಾಗಲೆಲ್ಲ ನನ್ನ ಮುಖ ನೋಡಿ ಅದನ್ನೇ ಹೇಳುತ್ತಿದ್ದರು. ಆಗ ಕೋಪ ಬರುತ್ತಿತ್ತು.

ಮನೆಯಲ್ಲೂ ಗಾಡಿಗೊಂದು ಮರ್ಯಾದೆ ಇತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಅಮ್ಮ ತಲೆಗೆ ಎರೆದುಕೊಂಡು ಬಂದು ಬಾನೆಟ್ಟಿಗೆ ಗಂಧ, ಕುಂಕುಮ ಇಡಬೇಕು. ಅದಾಗದೆ ಅಪ್ಪ ಚಾವಿ ತಿರುಗಿಸುತ್ತಿರಲಿಲ್ಲ. ರೈಲಿಗೆ ಹೊತ್ತಾದರೂ ಸರಿ, ಸ್ಟೇರಿಂಗಿನ ಮುಂದೆ ಕೂತು, "ಬಾರೇ, ನಿನ್ನ ಸವತಿ ಕಾಯ್ತಾವ್ಳೆ" ಎಂದು ಕೂಗುತ್ತಿದ್ದರು.

ನನಗೆ ಇಪ್ಪತ್ತಮೂರು ತುಂಬಿದ ವರ್ಷ ಅಪ್ಪ ಹೋಗಿಬಿಟ್ಟರು. ಒಂದೇ ದಿನದ ಎದೆನೋವು. ಹದಿಮೂರನೇ ದಿನ ಕಳೆದು ಗಾಡಿಯನ್ನು ಮತ್ತೆ ಹೊರಗೆ ತೆಗೆಯುವಾಗ ಅಮ್ಮ ಅಭ್ಯಾಸಬಲದಿಂದ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ನಮ್ಮ ಸೋದರತ್ತೆ ಅಡ್ಡ ನಿಂತು, "ನೀನು ಮುಟ್ಬೇಡ ಕಣಮ್ಮ, ಮಗ ಬದುಕ್ಬೇಕಾದ ಗಾಡಿ" ಎಂದರು. ಅತ್ತೆಯೇ ಬಟ್ಟಲು ತೆಗೆದುಕೊಂಡು ಬಾನೆಟ್ಟಿಗೆ ಕುಂಕುಮ ಇಟ್ಟರು. ಅಮ್ಮ ಬಾಗಿಲ ಹಿಂದಕ್ಕೆ ಸರಿದರು. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಅತ್ತೆಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಆ ಕಾಲದಲ್ಲಿ ಅದು ತಪ್ಪು ಎಂದೂ ನನಗೆ ತೋಚಲಿಲ್ಲ. ಅತ್ತೆ ತಮ್ಮ ಊರಿಗೆ ಹೋದ ಮೇಲೆ ಗಾಡಿಗೆ ಶುಕ್ರವಾರದ ಕುಂಕುಮ ನಿಂತೇಹೋಯಿತು ಎಂದುಕೊಂಡಿದ್ದೆ.

ಎರಡು ಮೂರು ತಿಂಗಳು ಕಳೆದಿರಬೇಕು, ಗಾಡಿಯ ಕಾಟ ಶುರುವಾಯಿತು.

ಚೆನ್ನಾಗಿ ಓಡುತ್ತಿರುವಾಗ ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ನಾಲ್ಕು ಸಿಲಿಂಡರಿನಲ್ಲಿ ಒಂದು ಹೊಡೆಯುವುದನ್ನೇ ಮರೆತಂತೆ ಕುಂಟುವುದು. ಏರು ಬಂದರೆ ಎರಡು ಸಲ ಜಗ್ಗಿ, ನಿಂತೇಬಿಡುವುದು. ಸ್ಟಾರ್ಟರ್ ಎಳೆದರೆ ಕರಕರ ಎನ್ನುತ್ತಿತ್ತೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ. ಬಾನೆಟ್ ಎತ್ತಿ, ನೋಡಿ, ಏನೂ ತಿಳಿಯದೆ ರಸ್ತೆ ಪಕ್ಕದಲ್ಲಿ ಅರ್ಧ ಗಂಟೆ ಕೂತಿದ್ದು ಎದ್ದರೆ, ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು. ಹಾಗೆಂದು ದಿನಾ ಆಗುತ್ತಿತ್ತೇ, ಅದೂ ಇಲ್ಲ. ವಾರವಿಡೀ ಊರೊಳಗೆ ಕುದುರೆಯಂತೆ ಓಡಿ, ದೂರದ ಗಿರಾಕಿ ಸಿಕ್ಕ ದಿನ ಮಾನ ಕಳೆಯುತ್ತಿತ್ತು. ಯಜಮಾನ ಹೋದ ಮೇಲೆ ಗಾಡಿ ಮುನಿಸಿಕೊಂಡಿದೆ ಎಂದು ಸ್ಟ್ಯಾಂಡಿನ ಡ್ರೈವರುಗಳು ತಮಾಷೆ ಮಾಡಿದರು. ನಾನು ನಕ್ಕೆ. ಒಳಗೊಳಗೇ ಅರ್ಧ ನಂಬಿಯೂ ಇದ್ದೆ.

ಮೇಸ್ತ್ರಿ ಕಿಡಿ ಹಾರಿಸುವ ಪಾಯಿಂಟು ಉಜ್ಜಿದರು, ಕಂಡೆನ್ಸರ್ ಬದಲಾಯಿಸಿದರು, ಬೇರೆ ಗಾಡಿಯ ಕಾಯಿಲ್ ಹಾಕಿ ನೋಡಿದರು. ಕಾರ್ಬುರೇಟರನ್ನು ಬಿಚ್ಚಿ ಒಂದೊಂದು ಸಣ್ಣ ತೂತನ್ನೂ ಬಾಯಲ್ಲಿ ಊದಿದರು. ಬಿಸಿಗೆ ಪೆಟ್ರೋಲು ಆವಿಯಾಗುತ್ತಿರಬಹುದೆಂದು ಪೆಟ್ರೋಲು ಎಳೆಯುವ ಪಂಪಿನ ಮೇಲೆ ಒದ್ದೆ ಗೋಣಿ ಕಟ್ಟಿಸಿದರು. ಪ್ರತಿ ಸಲವೂ ಕೆಲಸ ಮುಗಿಸಿ, ಹಿಂದಿನ ಮುಚ್ಚಳ ತೆಗೆದು, ಬಿದಿರಿನ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಬಿಟ್ಟು ಪೆಟ್ರೋಲು ಎಷ್ಟಿದೆ ನೋಡಿಕೊಂಡು, ಆಮೇಲೆ ಟ್ರಯಲ್ಲಿಗೆ ಹೊರಡುತ್ತಿದ್ದರು. ಮುಳ್ಳು ಸತ್ತ ಗಾಡಿಯಲ್ಲವೇ, ಅದು ಅವರ ನೇಮ. ಟ್ರಯಲ್ಲಿನಲ್ಲಿ ಗಾಡಿ ಒಂದೇ ಒಂದು ಸಲವೂ ಕೆಮ್ಮಲಿಲ್ಲ. ಮೇಸ್ತ್ರಿ ಕೂತರೆ ಹಸುವಿನಂಥ ಗಾಡಿ, ನಾನು ಕೂತರೆ ಗೂಳಿ.

"ಜ್ವರ ಬಂದಾಗ ಕರ್ಕಂಡ್ ಬರ್ಬೇಕು ಕಣಪ್ಪ. ಬಿಟ್ಟ್ ಮ್ಯಾಲೆ ತಂದ್ರೆ ನಾನೇನ್ ಕೈ ಹಿಡ್ದು ನೋಡ್ಲಿ?" ಎನ್ನುತ್ತಿದ್ದರು. ನಿಂತ ಗಾಡಿಯನ್ನು ಜಾವಗಲ್ಲಿನಿಂದ ಹೊತ್ತುಕೊಂಡು ಬರಲಾ ಎಂದು ನಾನು ಗೊಣಗುತ್ತಿದ್ದೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಒಂದು ಜೈನರ ಮನೆ. ಅಪ್ಪನ ಕಾಲದಿಂದ ಅವರ ನೆಂಟರಿಷ್ಟರು ಬಸದಿ ದರ್ಶನಕ್ಕೆ ಬಂದರೆ ನಮ್ಮ ಗಾಡಿಯೇ. ಒಂದು ಶನಿವಾರ ಅವರ ಸಂಬಂಧದ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ರೈಲಿಳಿದರು. ರೈಲು ಎರಡು ಗಂಟೆ ತಡ. ಅಜ್ಜಿ ದಿನಕ್ಕೆ ಒಂದೇ ಹೊತ್ತು ಉಣ್ಣುವವರು, ಅವತ್ತು ಬಸದಿಯ ದರ್ಶನ ಆಗದೆ ಬಾಯಿಗೆ ಏನೂ ಹಾಕುವುದಿಲ್ಲವೆಂದು ವ್ರತ ಬೇರೆ. ಹೊತ್ತು ಮುಳುಗಿದ ಮೇಲೆ ಅವರಲ್ಲಿ ಊಟವಿಲ್ಲ. ಈ ಅಜ್ಜಿ ನೀರೂ ಮುಟ್ಟುತ್ತಿರಲಿಲ್ಲ. ಮೊಮ್ಮಗಳು ಇದನ್ನೆಲ್ಲ ಹೇಳಿ, "ಹೊತ್ತು ಮುಳುಗೋ ಮುಂಚೆ ಸೇರಿಸ್ತೀರಲ್ವಾ?" ಎಂದು ಕೇಳಿದಾಗ ನಾನು ಎದೆ ತಟ್ಟಿಕೊಂಡು ಒಪ್ಪಿದೆ. ಆಗ ಮಧ್ಯಾಹ್ನ ಮೂರು ಗಂಟೆ. ಒಂದೂವರೆ ಗಂಟೆಯ ದಾರಿ. ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಹೊರಟೆ.

ಜಾವಗಲ್ ತಲುಪುವ ಮುಂಚೆ ಒಂದು ಸಲ ನಿಂತಿತು. ಜಾವಗಲ್ ದಾಟಿದ ಮೇಲೆ ಎರಡು ಸಲ. ಬಸ್ಸಿಗಾದರೂ ಹತ್ತಿಸೋಣವೆಂದರೆ ಬಂದ ಒಂದೇ ಬಸ್ಸಿನ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಮೂರನೇ ಸಲ ನಿಂತಾಗ ಬಿಸಿಲು ಕೆಂಪಾಗಿತ್ತು. ಅಜ್ಜಿ ಗಾಡಿಯಿಂದ ಇಳಿದು, ಹುಣಸೆ ಮರದ ಬುಡದಲ್ಲಿ ಕೂತು, ಪಡುವಣ ದಿಕ್ಕನ್ನೇ ನೋಡುತ್ತಿದ್ದರು. ನಾನು ಬಾನೆಟ್ಟಿನೊಳಗೆ ತಲೆ ಹಾಕಿ, ಅವರ ಕಡೆ ತಿರುಗುವ ಧೈರ್ಯವಿಲ್ಲದೆ, ಬಿಚ್ಚಿದ್ದನ್ನೇ ಬಿಚ್ಚಿ ಹಾಕಿದ್ದನ್ನೇ ಹಾಕುತ್ತಿದ್ದೆ. ಬಸ್ತಿಹಳ್ಳಿ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು. ಮನೆಯವರು ಮಾಡಿಟ್ಟಿದ್ದ ಅಡಿಗೆಯನ್ನು ಅಜ್ಜಿ ನೋಡಲೂ ಇಲ್ಲ. ಮೊಮ್ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಜ್ಜಿ ನನ್ನ ಕಡೆ ತಿರುಗಿ, "ಇರಲಿ ಬಿಡಪ್ಪ, ಒಂದು ರಾತ್ರಿ ತಾನೇ. ನೀನು ಉಂಡು ಹೋಗು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ನೆಟ್ಟಗೆ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಸ್ಟ್ಯಾಂಡಿನ ನಾಲ್ಕೈದು ಡ್ರೈವರುಗಳು ಟೀ ಕುಡಿಯುತ್ತ ಕೂತಿದ್ದರು. ಅವರೆಲ್ಲರ ಮುಂದೆ ನಾನು ಬಾಯಿಗೆ ಬಂದಂತೆ ಮಾತಾಡಿದೆ. ಎಲ್ಲ ನೆನಪಿಲ್ಲ. ನೆನಪಿರುವುದು ಕೊನೆಯ ಮಾತು. "ನಿಮ್ಮ ಕಿವಿ ಕೆಟ್ಟೋಗಿದೆ ಮೇಸ್ತ್ರಿ, ಒಪ್ಕೊಳ್ಳಿ. ಅಪ್ಪ ಇದ್ದಿದ್ರೆ ಯಾವತ್ತೋ ಬೇರೆ ಶೆಡ್ ನೋಡ್ಕೊಂಡಿರೋರು."

ಡ್ರೈವರುಗಳು ಟೀ ಗ್ಲಾಸು ಕೆಳಗಿಟ್ಟರು. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಆ ತಾಯಿ ನೀರೂ ಕುಡೀಲಿಲ್ವಾ?"

"ಇಲ್ಲ."

ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು. "ಟ್ಯಾಂಕಿನಾಗೆ ಎಷ್ಟಿತ್ತು?"

"ಫುಲ್ ಇತ್ತು. ಪೆಟ್ರೋಲ್ ಇಲ್ಲದೆ ನಿಲ್ಲಿಸೋ ಅಷ್ಟು ದಡ್ಡ ಅಲ್ಲ ನಾನು."

"ಅದಲ್ಲ ಕಣಪ್ಪ. ಅರ್ಧಕ್ಕಿಂತ ಕಮ್ಮಿ ಇದ್ದಾಗ ಒಂದ್ ಸಲನಾದ್ರೂ ನಿಂತೈತಾ?"

ಯೋಚಿಸಿದೆ. ನಿಂತಿರಲಿಲ್ಲ. ದೂರದ ಗಿರಾಕಿ ಬಂದಾಗ ಮಾತ್ರ ನಾನು ಟ್ಯಾಂಕ್ ತುಂಬಿಸುತ್ತಿದ್ದುದು.

"ಹಸ್ದಾಗ ಓಡ್ತದೆ, ಹೊಟ್ಟೆ ತುಂಬ್ದಾಗ ನಿಲ್ತದೆ..." ಎಂದು ತಮಗೆ ತಾವೇ ಹೇಳಿಕೊಂಡರು. ಯಾವ ಯಾವ ವಾರ ಎಂದು ಕೇಳಿದರು. ಹೆಚ್ಚಾಗಿ ಶುಕ್ರವಾರ, ಶನಿವಾರ ಎಂದೆ. "ಗುರುವಾರ ಸಂಜೆ ಫುಲ್ ಮಾಡ್ಸಿ ಮನೆ ತಾವ ನಿಲ್ಸು. ಶುಕ್ರವಾರ ಬೆಳಗಾಗ್ತಲೂ ನಾನೇ ಬತ್ತೀನಿ. ಬರೋತಂಕ ಗಾಡಿ ಮುಟ್ಬೇಡ."

ಶುಕ್ರವಾರ ಆರು ಗಂಟೆಗೆ ನಾನು ಎದ್ದು ಗಾಡಿ ನಿಲ್ಲಿಸುವ ಹಿತ್ತಿಲ ಓಣಿಗೆ ಬಂದರೆ, ಮೇಸ್ತ್ರಿ ಓಣಿಯ ಮೂಲೆಯಲ್ಲಿ ನಮ್ಮ ಮನೆಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತಿದ್ದರು. ಕರೆದೆ. "ಈಗ್ಲೇ ಬಂದೆ ಕಣಪ್ಪ" ಎಂದರು. ಅವರ ಕಾಲ ಬಳಿ ಮೂರು ಬೀಡಿ ತುಂಡು ಬಿದ್ದಿದ್ದವು. ಅಮ್ಮ ಬಾಗಿಲ ಮರೆಯಿಂದ ಕಾಫಿ ಕೊಟ್ಟರು. ಎಷ್ಟೋ ವರ್ಷದಿಂದ ನಮ್ಮ ಮನೆಯ ಕಾಫಿ ಕುಡಿದವರು, ಅವತ್ತು ಲೋಟ ಕೆಳಗಿಟ್ಟು ಅಮ್ಮನಿಗೆ ಎರಡೂ ಕೈಯೆತ್ತಿ ಮುಗಿದರು. ಇದೇನು ಹೊಸದಾಗಿ ಎಂದು ನನಗೆ ನಗು ಬಂತು.

ಅವತ್ತು ಅವರು ಟ್ಯಾಂಕಿಗೆ ಕಡ್ಡಿ ಇಳಿಬಿಡಲಿಲ್ಲ. ಸ್ಕ್ರೂಡ್ರೈವರನ್ನೂ ತಂದಿರಲಿಲ್ಲ. ಗಿರಾಕಿಯ ಹಾಗೆ ಹಿಂದಿನ ಸೀಟಿನಲ್ಲಿ ಕೂತು, ಜಾವಗಲ್ ಕಡೆ ಬಿಡು ಎಂದರು. ಹತ್ತು ಹನ್ನೆರಡು ಮೈಲಿ ಆದ ಮೇಲೆ ಗಾಡಿ ಕೆಮ್ಮಿತು, ಕುಂಟಿತು, ಏರಿನಲ್ಲಿ ಜಗ್ಗಿ ನಿಂತಿತು. ನನಗೆ ಎಂಥಾ ಖುಷಿ ಅಂದರೆ, ನೋಡಿ ನೋಡಿ ಎಂದು ಕೂಗಿಬಿಟ್ಟೆ. ಮೇಸ್ತ್ರಿ ಇಳಿದು, "ನೀನು ಕೂತಿರು" ಎಂದು ಹೇಳಿ ಗಾಡಿಯ ಹಿಂದಕ್ಕೆ ಹೋದರು. ಮೂತ್ರಕ್ಕೆ ಹೋದರು ಎಂದುಕೊಂಡೆ. ಕ್ಷಣದಲ್ಲಿ ಬಂದು, "ಹೂಂ, ಈಗ ಹೊಡಿ" ಎಂದರು. ಸ್ಟಾರ್ಟರ್ ಎಳೆದದ್ದೇ ತಡ, ಎಂಜಿನ್ ಗುಡುಗಿತು. ಏನು ಮಾಡಿದಿರಿ ಎಂದು ಕೇಳಿದೆ. ಕನ್ನಡಿಯಲ್ಲಿ ನೋಡಿದೆ, ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಶೆಡ್ಡಿಗೆ ಬಂದ ಮೇಲೆ ನನ್ನನ್ನು ಪಂಪಿನ ವಾಷರ್ ತರಲು ಊರಿನ ಆ ತುದಿಯ ಅಂಗಡಿಗೆ ಕಳಿಸಿದರು. ತಂದಾಗ ಗಾಡಿಯ ಹಿಂದೆ ನಿಂತು ಕೈಬೈರಿಗೆ ಒರೆಸುತ್ತಿದ್ದರು. ವಾಷರ್ ತೆಗೆದುಕೊಂಡು ಬಾನೆಟ್ಟಿನೊಳಗೆ ಬಗ್ಗಿ ಹತ್ತು ನಿಮಿಷ ಏನೋ ಮಾಡಿದರು. ಆ ಹೊತ್ತಿಗೆ ಅದೇ ಡ್ರೈವರುಗಳು ಟೀಗೆ ಬಂದು ಸೇರಿದ್ದರು. ಮೇಸ್ತ್ರಿ ಅವರೆಲ್ಲರಿಗೂ ಕೇಳುವಂತೆ ಹೇಳಿದರು:

"ತಪ್ಪು ನಂದೇ ಕಣಪ್ಪ. ಪಂಪಿನ ವಾಷರು ತಿರುಗಾಮುರುಗಾ ಕೂರ್ಸಿದ್ದೆ. ನಾನೇ ಕೈಯಾರ ಹಾಕಿದ್ದು. ಇನ್ ಮ್ಯಾಲೆ ನಿಲ್ಲಲ್ಲ."

ಒಬ್ಬ ನಕ್ಕ. ಎಲ್ಲರೂ ನಕ್ಕರು. "ಏನ್ಲಾ ಇದು, ವಾಷರ್ ಮಗುಚಿ ಹಾಕೋದು ಕಲಿಯೋ ಹೈಕಳು ಮಾಡೋ ಕೆಲ್ಸ" ಎಂದ ಇನ್ನೊಬ್ಬ. ಮೇಸ್ತ್ರಿಯೂ ಹೌದೆಂಬಂತೆ ತಲೆ ಆಡಿಸಿದರು. ನಾನು ಗೆದ್ದವನ ಗತ್ತಿನಲ್ಲಿ, ನಾನು ಅವತ್ತೇ ಹೇಳಲಿಲ್ಲವಾ ಎಂದೆ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಗಾಡಿ ಆಮೇಲೆ ಒಂದು ಸಲವೂ ನಿಲ್ಲಲಿಲ್ಲ. ಭಾನುವಾರ ಮೇಸ್ತ್ರಿ ತಾವಾಗಿ ಬಂದು, ಬಸ್ತಿಹಳ್ಳಿಗೆ ಕರೆದುಕೊಂಡು ಹೋಗು ಎಂದರು. ಅಜ್ಜಿ ಇನ್ನೂ ಅಲ್ಲೇ ಇದ್ದರು. ಮೇಸ್ತ್ರಿ ಅಂಗಳದಲ್ಲೇ ನಿಂತು ಕೈ ಮುಗಿದು, "ತಾಯಿ, ಗಾಡಿ ನಿಂತಿದ್ದು ನನ್ ತಪ್ಪಿಂದ. ಹುಡುಗಂದೇನೂ ಇಲ್ಲ, ಅವ್ನ ಮನೇರದ್ದೂ ಏನೂ ಇಲ್ಲ" ಎಂದರು. ಅಜ್ಜಿ ಒಂದು ಗಳಿಗೆ ಅವರ ಮುಖ ನೋಡಿದರು. "ಯಾರ ತಪ್ಪೋ ಯಾರಿಗೆ ಗೊತ್ತು. ಒಳಗೆ ಬನ್ನಿ, ಊಟದ ಹೊತ್ತು" ಎಂದರು. ಬಡಿಸುವವರೆಗೂ ಮೇಸ್ತ್ರಿ ತಲೆ ಎತ್ತಲಿಲ್ಲ. ನಮ್ಮ ಮನೆಯವರದ್ದೇನೂ ಇಲ್ಲ ಎಂದು ಯಾಕೆ ಹೇಳಿದರೆಂದು ನಾನು ಯೋಚಿಸಲೇ ಇಲ್ಲ.

ನಾನು ಮಾಡಿದ್ದು ಇನ್ನೂ ಒಂದಿದೆ. ಆ ಕಥೆಯನ್ನು ಸ್ಟ್ಯಾಂಡಿನಲ್ಲಿ, ಬೇಲೂರಿನ ಹೋಟೆಲಿನಲ್ಲಿ, ಹಳೇಬೀಡಿನ ದೇವಸ್ಥಾನದ ಮುಂದೆ ಗಿರಾಕಿ ಕಾಯುವ ಹೊತ್ತಿನಲ್ಲಿ, ಉಪ್ಪು ಖಾರ ಹಚ್ಚಿ ಹೇಳಿದೆ. ಕಣ್ಣು ಮುಚ್ಚಿ ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಳ್ಳುವ ಅಭಿನಯ ಮಾಡಿ ನಗಿಸಿದೆ. ವಾಷರ್ ಮೇಸ್ತ್ರಿ ಎಂದು ಹೆಸರಿಟ್ಟವನು ನಾನೇ. ಹೆಸರು ನನಗಿಂತ ಮುಂಚೆ ಊರೂರು ತಲುಪಿತು. ರೈಲ್ವೆ ಗೇಟಿನ ಹತ್ತಿರ ಹೊಸ ಗ್ಯಾರೇಜೊಂದು ಆಯಿತು. ಒಂದೊಂದಾಗಿ ಗಾಡಿಗಳು ಅತ್ತ ತಿರುಗಿದವು. ಶೆಡ್ಡಿನ ಮುಂದೆ ಟೀ ಕುಡಿಯುವವರೂ ಕಮ್ಮಿಯಾದರು. ಮೂರ್ನಾಲ್ಕು ವರ್ಷದಲ್ಲಿ ಮೇಸ್ತ್ರಿ ಶೆಡ್ಡು ಮುಚ್ಚಿ ಬಾಣಾವರದಲ್ಲಿದ್ದ ಮಗಳ ಮನೆಗೆ ಹೋದರಂತೆ. ಹೋಗುವಾಗ ನಾನು ಊರಲ್ಲಿರಲಿಲ್ಲ. ಇದ್ದಿದ್ದರೂ ಹೋಗಿ ಮಾತಾಡಿಸುತ್ತಿದ್ದೆನೋ ಇಲ್ಲವೋ...

ಎಂಬತ್ತರ ದಶಕದ ನಡುವೆ ನನಗೆ ಸರ್ಕಾರಿ ಜೀಪು ಓಡಿಸುವ ಕೆಲಸ ಸಿಕ್ಕಿ, ಗಾಡಿ ಮಾರಲು ನಿಂತೆ. ಕೊಳ್ಳಲು ಬಂದವನು ಜೊತೆಗೊಬ್ಬ ಮೆಕ್ಯಾನಿಕ್ಕನ್ನು ಕರೆತಂದಿದ್ದ. ಅವನು ಎಲ್ಲ ನೋಡಿ, ಹಿಂದಿನ ಪೆಟ್ರೋಲ್ ಮುಚ್ಚಳ ತೆಗೆದು ತಿರುಗಿಸಿ ತಿರುಗಿಸಿ ನೋಡಿದ.

"ಇದೇನಣ್ಣ, ಎರಡು ತೂತು? ಕಂಪ್ನಿದು ಒಂದೇ ಇರ್ತದೆ. ಅದು ಮೆತ್ಕೊಂಡು ಕಲ್ಲಾಗೈತೆ. ಈ ಅಂಚಿನಾಗಿರೋದು ಯಾರೋ ಕೈಯಲ್ಲಿ ಕೊರೆದಿರೋದು."

ಉಗುರಿನಿಂದ ಕೆರೆದ. ಪುಡಿಪುಡಿಯಾಗಿ ಗಂಧ ಉದುರಿತು, ಅದರ ಕೆಳಗೆ ಕುಂಕುಮ, ಅದರ ಕೆಳಗೆ ಮತ್ತೆ ಗಂಧ. ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಆ ಗಾಳಿಗೆಂದು ಮುಚ್ಚಳದಲ್ಲಿ ಸಾಸಿವೆಯಷ್ಟು ತೂತು. ಅದು ಮುಚ್ಚಿದರೆ, ಒಂದೇ ಕಣ್ಣು ತೂತು ಮಾಡಿದ ತೆಂಗಿನಕಾಯಿಯಿಂದ ನೀರು ಬಾರದ ಹಾಗೆ, ಪೆಟ್ರೋಲು ಬರುವುದಿಲ್ಲ. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗವೇ ಇಲ್ಲ, ಬೇಗ ನಿಲ್ಲುತ್ತದೆ. ಮುಚ್ಚಳ ಒಂದು ಸಲ ತೆಗೆದು ಹಾಕಿದರೆ ಮತ್ತೆ ಸರಿ. ಮೇಸ್ತ್ರಿ ಟ್ರಯಲ್ಲಿಗೆ ಮುಂಚೆ ಕಡ್ಡಿ ಇಳಿಬಿಡುತ್ತಿದ್ದುದು, ಅವರ ಕೈಯಲ್ಲಿ ಗಾಡಿ ನಿಲ್ಲದೆ ಇದ್ದುದು ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಆ ಶುಕ್ರವಾರ ಗೋಡೆ ನೋಡುತ್ತ ನಿಂತಿದ್ದ ಅವರ ಬೆನ್ನು ಕೂಡ. ನಾನು ಏಳುವ ಮುಂಚೆ ಅವರು ಏನು ಕಂಡಿದ್ದರೆಂದು ಆಗ ಗೊತ್ತಾಯಿತು.

ಒಳಗೆ ಹೋಗಿ ಅಮ್ಮನನ್ನು ಕೇಳಿದೆ, ಶುಕ್ರವಾರ ಗಾಡಿಗೆ ಕುಂಕುಮ ಇಡುತ್ತಿದ್ದೆಯಾ ಎಂದು. ಅಮ್ಮನ ಕೈಲಿದ್ದ ಮೊರ ನಿಂತಿತು.

"ಯಾರು ಹೇಳಿದ್ರು?" ಎಂದರು. ಆಮೇಲೆ ಮೆಲ್ಲಗೆ, "ಮುಂದ್ಗಡೆ ಇಡಬಾರದು ಅಂದಿದ್ರಲ್ಲ, ಅದಕ್ಕೆ ಹಿಂದೆ, ಆ ಮುಚ್ಚಳದ ಮೇಲೆ ಇಡ್ತಿದ್ದೆ. ನೀನು ಏಳೋ ಮುಂಚೆ ಇಟ್ಟು, ಕಾಣದ ಹಾಗೆ ಸೆರಗಲ್ಲಿ ಒರೆಸಿಬಿಡ್ತಿದ್ದೆ. ಅದೂ ಗಾಡಿ ಬಾಯಿ ತಾನೇ ಅಂತ... ನಿಮ್ಮಪ್ಪ ಅದಿಲ್ದೆ ಹೊರಡ್ತಿರಲಿಲ್ಲ. ಯಾಕೆ, ಅದ್ರಿಂದ ಏನಾದ್ರೂ ಕೆಟ್ಟದ್ದಾಯ್ತಾ?"

ಅಜ್ಜಿ ಹುಣಸೆ ಮರದ ಬುಡದಲ್ಲಿ ಕೂತಿದ್ದುದು ನೆನಪಾಯಿತು. ಅತ್ತೆಯ ಮಾತೂ ನೆನಪಾಯಿತು. ಮುಟ್ಟಬೇಡ ಎಂದಿದ್ದರು. ಹೌದೆಂದಿದ್ದರೆ, ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಅಮ್ಮ ಸಾಯುವವರೆಗೂ ನಂಬುತ್ತಿದ್ದರು.

"ಇಲ್ಲಮ್ಮ. ನೀನು ಇಟ್ಟಿದ್ದಕ್ಕೇ ಇಷ್ಟು ವರ್ಷ ಓಡಿತು" ಎಂದೆ.

ಮಾರನೇ ದಿನವೇ ಬಾಣಾವರಕ್ಕೆ ಹೋದೆ. ಅರಸೀಕೆರೆಯಿಂದ ಬಂದ ಮೇಸ್ತ್ರಿ ಎಂದು ಕೇಳುತ್ತ ಹೋದರೆ ರೈಲ್ವೆ ಹಳಿಯ ಆಚೆ ಒಂದು ಹೆಂಚಿನ ಮನೆ ತೋರಿಸಿದರು. ಜಗಲಿಯ ಮೇಲೆ ಕೂತು ಮೊಮ್ಮಗಳ ತ್ರಿಚಕ್ರ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ಇನ್ನೂ ಸಣಕಲಾಗಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಬಾರಪ್ಪ ಬಾ ಎಂದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ: ಮುಚ್ಚಳ ನೋಡಿದೆ, ಎರಡನೇ ತೂತು ನೋಡಿದೆ, ಎಲ್ಲ ಗೊತ್ತಾಯಿತು, ತಪ್ಪಾಯಿತು, ಅರಸೀಕೆರೆಗೆ ಹೋಗಿ ಎಲ್ಲರಿಗೂ ನಿಜ ಹೇಳುತ್ತೇನೆ.

ಮೇಸ್ತ್ರಿ ಸೈಕಲ್ಲಿನ ಚಕ್ರ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು:

"ನಿನ್ ತಾಯಿ ಇದಾರಾ?"

"ಇದಾರೆ."

"ಹಂಗಾದ್ರೆ ವಾಷರೇ ಕಣಪ್ಪ."

ನಾನು ಏನೋ ಹೇಳಲು ಹೋದೆ. ಅವರು ಕೈಯೆತ್ತಿ ತಡೆದರು. "ಊರಿಗೆ ಗೊತ್ತಾದ್ರೆ ಅವರ್ಗೂ ಗೊತ್ತಾಗ್ತದೆ. ನಂಗೇನು, ಮುದುಕ. ಕೂತ್ಕ, ಮಗಳು ಕಾಫಿ ಕಾಯ್ಸ್ತಾವ್ಳೆ." ಅಷ್ಟು ಹೇಳಿ ಅಪ್ಪನ ಮಾತು ತೆಗೆದರು. ಗಾಡಿ ಕೊಂಡ ದಿನ ಇಬ್ಬರೂ ಬೇಲೂರಿಗೆ ಹೋಗಿದ್ದು, ದಾರಿಯಲ್ಲಿ ಟೈರು ಸಿಡಿದದ್ದು... ರೈಲು ಬರುವವರೆಗೂ ನಕ್ಕು ನಗಿಸಿದರು. ಬೀಳ್ಕೊಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು ಒಂದಿಷ್ಟು ಹೊತ್ತು ಬಿಡಲಿಲ್ಲ. ಆ ಕೈಗಳಲ್ಲಿ ಎಂಜಿನ್ನಿನ ವಾಸನೆ ಹೋಗಿ ಸೋಪಿನ ವಾಸನೆ ಬಂದಿತ್ತು. ಅದೇ ಕೊನೆ. ಎರಡು ವರ್ಷದ ಮೇಲೆ ಹೋದರಂತೆ, ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಥಿಯೂ ಕಳೆದಿತ್ತು.

ಅಮ್ಮ ತೊಂಬತ್ತರ ಹತ್ತಿರದವರೆಗೂ ಬದುಕಿ ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಅವರಿಗೆ ಏನೂ ಗೊತ್ತಾಗಲಿಲ್ಲ. ಮೇಸ್ತ್ರಿ ಹಾಕಿದ್ದ ಕಟ್ಟು ಮುಗಿಯಿತು, ಇನ್ನಾದರೂ ಹೇಳಬಹುದು. ಆದರೆ ಯಾರಿಗೆ? ಅವತ್ತು ಶೆಡ್ಡಿನಲ್ಲಿ ನಕ್ಕವರಲ್ಲಿ ಈಗ ಉಳಿದಿರುವುದು ಒಬ್ಬನೇ. ಹೋದ ತಿಂಗಳು ಆ ಬಸ್ಸಿನಿಂದ ಇಳಿದವನು ಮನೆಗೆ ಹೋಗದೆ ಅವನ ಮನೆ ಹುಡುಕಿಕೊಂಡು ಹೋದೆ. ಅವನಿಗೂ ಕಣ್ಣು ಮಂಜು, ಕೈಯಲ್ಲಿ ಕೋಲು. ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅಭಿನಯದ ವಿಷಯವನ್ನೂ ಹೇಳಿದೆ. ಅವನು ಕೋಲಿನ ಮೇಲೆ ಗದ್ದ ಊರಿ ಕೇಳಿದ. ಕೊನೆಗೆ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ. ನನ್ನ ಎದೆಯ ಭಾರ ಒಂದಿಷ್ಟು ಇಳಿದ ಹಾಗಾಯಿತು.

ಅಷ್ಟರಲ್ಲಿ ಅವನ ಸೊಸೆ ಟೀ ತಂದಳು. ಅವನು ಅವಳನ್ನು ನಿಲ್ಲಿಸಿ, "ಕೇಳಿಸ್ಕಂಡೆಯೇನವ್ವ? ನಮ್ ವಾಷರ್ ಮೇಸ್ತ್ರಿ ಎಂಥಾ ದೊಡ್ ಮನ್ಸ ನೋಡು" ಎಂದ.

ಹಾಗೆ ಕರೆಯಬೇಡ ಎಂದೆ. ಅವನು ತಬ್ಬಿಬ್ಬಾಗಿ, "ಹೌದಲ್ವಾ, ತಪ್ಪು. ಮತ್ತೆ ಅವರ ಹೆಸರೇನು?" ಎಂದು ಕೇಳಿದ.

ನಾನು ಟೀ ಲೋಟ ಹಿಡಿದು ಕೂತೆ. ಅಪ್ಪನೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ಬಾಣಾವರದಲ್ಲೂ ನಾನು ಮೇಸ್ತ್ರಿ ಎಂದೇ ಕೇಳಿಕೊಂಡು ಹೋಗಿದ್ದೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ.